ಕನ್ನಡ ಸ್ಯಾಂಡ್‌ಪೇಪರ್ ಅಕ್ಷರ: ಯಾವ ಕ್ರಮದಲ್ಲಿ ಕೊಡೋದು, ಕಾಗುಣಿತ ಹೇಗೆ, ಒತ್ತು ಯಾವಾಗ?

ದಾವಣಗೆರೆ_ಟೀಚರ್
ಮೂರರಿಂದ ಆರು ವರ್ಷದ ಮಕ್ಕಳ ಮಾಂಟೆಸ್ಸರಿ ಗುಂಪಿಗೆ ಕನ್ನಡದ ಭಾಷಾ ಸಾಮಗ್ರಿ ಸಿದ್ಧ ಮಾಡ್ತಿದ್ದೇವೆ: ಬೆರಳಲ್ಲಿ ಸವರೋಕೆ ಹಲಗೆಗೆ ಅಂಟಿಸಿದ ಸ್ಯಾಂಡ್‌ಪೇಪರ್ ಅಕ್ಷರ, ಜೋಡಿಸಿ ಪದ ಕಟ್ಟೋಕೆ ಒಂದು ಪೆಟ್ಟಿಗೆ ಬಿಡಿ ಅಕ್ಷರ. ಇಂಗ್ಲಿಷಿಗಾದರೆ ಯಾವ ಅಕ್ಷರ ಮೊದಲು, ಪೆಟ್ಟಿಗೆಯಲ್ಲಿ ಯಾವುದು ಎಷ್ಟಿರಬೇಕು, ಎಲ್ಲಾ ತೀರ್ಮಾನ ಆಗಿದೆ. ಕನ್ನಡಕ್ಕೆ ಬಂದರೆ ಮಾರೋರು ವರ್ಣಮಾಲೆಯ 49 ಅಕ್ಷರ ಕತ್ತರಿಸಿ ತುಂಬಿ ಕೊಡ್ತಾರೆ, ಅಷ್ಟೇ.

ಅ ಆ ಇ ಈ ಅಂತ ಸಾಲಾಗಿ ಹೋದರೆ 13 ಸ್ವರ ಮುಗಿದರೂ ಮಗುವಿಗೆ ಒಂದು ವಸ್ತುವಿನ ಹೆಸರು ಕಟ್ಟೋಕೆ ಬರಲ್ಲ. ಮೂರು ಪ್ರಶ್ನೆ: 1) ಯಾವ ಅಕ್ಷರ ಮೊದಲು? 2) ಬಿಡಿ ಅಕ್ಷರದ ಪೆಟ್ಟಿಗೆಯಲ್ಲಿ ಕಾಗುಣಿತ ಹೇಗೆ ಮಾಡಬೇಕು? 15ರ ಸಾಲು 34 ವ್ಯಂಜನಕ್ಕೆ ಅಂದರೆ 510 ತುಂಡು, ಅದು ಆಗದ ಮಾತು. 3) ಒತ್ತಕ್ಷರ ಯಾವಾಗ? ಮಾಡಿ ನೋಡಿದವರು ದಯವಿಟ್ಟು ವಿವರವಾಗಿ ಬರೀರಿ.

ಹಾವೇರಿ_ಮಾಸ್ತರ
ಮೊದಲನೇ ಪ್ರಶ್ನೆಗೆ ಉತ್ತರ ನಮ್ಮ ಸರ್ಕಾರಿ ಸಾಲ್ಯಾಗ ಎಂದೋ ಐತ್ರಿ. ರ ಗ ಸ ದ ಅ, ಆಮೇಲೆ ಜ ವ ಮ ಬ ನ. ಮೊದಲನೇ ಐದೇ ಅಕ್ಷರದಾಗ ಸರ, ರಸ, ದರ, ಅರಸ, ಅಗಸ, ಗರಗಸ ಇಷ್ಟೂ ಬರ್ತಾವ. ಎರಡನೇ ಗುಂಪು ಸೇರಿದರ ಮರ, ಜನ, ದನ, ವನ, ನಗರ. ಒಂದು ಗುಣಿತ ಚಿಹ್ನೆ ಇಲ್ಲದ, ಒತ್ತಿಲ್ಲದ ಓದು ಶುರು ಆಕ್ಕೈತಿ. ವರ್ಣಮಾಲೆ ಹಾಡಿನಂಗ ಬಾಯಿಪಾಠಕ್ಕ ಇರಲಿ, ಅಕ್ಷರ ಕಲಿಸೋ ಕ್ರಮ ಅದಲ್ಲ.

ಸಂವೇದನಾ_ಮೈಸೂರು
ಮಾಸ್ತರ್ ಹೇಳಿದ್ದರಲ್ಲಿ ಅರ್ಧ ಒಪ್ತೀನಿ. ರಗಸದಅ ಗುಂಪು ಕಟ್ಟಿರೋದು ಆಕಾರದ ಹೋಲಿಕೆ ಮೇಲೆ. ಒಂದೇ ತರಹದ ತಿರುವು ಕೈಗೆ ಕೂರಲಿ ಅಂತ. ಬರವಣಿಗೆಗೆ ಅದು ಒಳ್ಳೇದೇ. ಆದರೆ ಮೂರು ಹಂತದ ಪಾಠದಲ್ಲಿ ಒಂದು ಸಲಕ್ಕೆ ಕೊಡೋದು ಎರಡು ಅಥವಾ ಮೂರು ಅಕ್ಷರ. ಅವು ನೋಡೋಕೂ ಕೇಳೋಕೂ ದೂರ ದೂರ ಇರಬೇಕು. ರ, ಗ ಜೊತೆಗೆ ಕೊಟ್ಟರೆ ಮಗುವಿನ ಕೈ ಎರಡರಲ್ಲೂ ಅದೇ ಬಾಗು ಹಿಡಿಯುತ್ತೆ, ವ್ಯತ್ಯಾಸ ನಿಲ್ಲಲ್ಲ.

ಅದಕ್ಕೆ ಮಾಸ್ತರರ ಹತ್ತು ಅಕ್ಷರವನ್ನೇ ಇಟ್ಟುಕೊಂಡು ಕಲೆಸಿಬಿಡಿ: ರ, ಮ, ಅ ಒಂದು ಪಾಠ. ಸ, ಬ, ಜ ಇನ್ನೊಂದು. ದ, ನ, ಗ ಮತ್ತೊಂದು. ವ ಅನ್ನು ಮ ಗಟ್ಟಿಯಾದ ಮೇಲೆ ಕೊಡಿ, ಅವೆರಡಕ್ಕೂ ಇರೋ ವ್ಯತ್ಯಾಸ ಕೊನೆಯ ಬಾಲ ಮಾತ್ರ.

ಮೂರು ಹಂತ ಗೊತ್ತಿಲ್ಲದವರಿಗೆ: ಮೊದಲು "ಇದು ರ" ಅಂತ ಹೇಳಿ ತೋರುಬೆರಳು, ನಡುಬೆರಳು ಎರಡರಿಂದ ನೀವು ಸವರಿ ತೋರಿಸಿ, ಮಗುವೂ ಸವರಲಿ. ಎರಡನೇದು "ರ ಯಾವುದು ತೋರಿಸು, ಮ ನನ್ನ ಕೈಗೆ ಕೊಡು, ಅ ಕಿಟಕಿ ಹತ್ತಿರ ಇಟ್ಟು ಬಾ". ಮೂರನೇದು "ಇದು ಯಾವುದು?". ಎಲ್ಲರೂ ಎಡವೋದು ಎರಡನೇ ಹಂತವನ್ನು ಅರ್ಧ ನಿಮಿಷದಲ್ಲಿ ಮುಗಿಸೋದರಿಂದ. ಅದೇ ಅತಿ ದೀರ್ಘ ಆಗಬೇಕು. ಮೂರನೇದರಲ್ಲಿ ಮಗು ತಡವರಿಸಿದರೆ "ತಪ್ಪು" ಅನ್ನಬೇಡಿ, ಆ ಹೊತ್ತಿಗೆ ಹಲಗೆ ಎತ್ತಿಟ್ಟು ಇನ್ನೊಂದು ದಿನ ಮೊದಲನೇ ಹಂತದಿಂದ ಬನ್ನಿ.

ಹಾವೇರಿ_ಮಾಸ್ತರ
ಕಲೆಸೋದು ಒಪ್ಪಿದೆ ಮೇಡಂ. ಅದರ ಬರೆಯೋಕ ಕುಂತಾಗ ಮತ್ತ ಆಕಾರದ ಗುಂಪಿಗೇ ಬರ್ಬೇಕು.

ಸಂವೇದನಾ_ಮೈಸೂರು
ಖಂಡಿತ. ಸ್ಲೇಟು, ಬಳಪ ಹಿಡಿಯೋ ಹೊತ್ತಿಗೆ ನಿಮ್ಮ ಕ್ರಮವೇ ಸರಿ.

ಓದುಗ_ಹಾಸನ
ಒಂದು ಮೂಲಭೂತ ಪ್ರಶ್ನೆ. ಹಲಗೆ ತೋರಿಸುವಾಗ "ಕ" ಅನ್ನಬೇಕಾ "ಕ್" ಅನ್ನಬೇಕಾ? ಮಾಂಟೆಸ್ಸರಿಯಲ್ಲಿ ಅಕ್ಷರದ ಹೆಸರು ಹೇಳಲ್ಲ, ಧ್ವನಿ ಹೇಳ್ತಾರೆ. ಹಾಗಾದರೆ "ಕ್" ತಾನೇ ಶುದ್ಧ ಧ್ವನಿ? ಕ್+ಇ=ಕಿ ಅಂತ ಮಗು ತಾನೇ ಕೂಡಿಸಿಕೊಳ್ಳುತ್ತೆ.

ಧ್ವನಿ_ಉಡುಪಿ
ಕೂಡಿಸಿಕೊಳ್ಳುವುದಿಲ್ಲ ಮಾರಾಯ್ರೆ. ನಾಲ್ಕು ವರ್ಷದ ಮಗುವಿನ ಕಿವಿ "ಕಮಲ"ವನ್ನು ಒಡೆಯುವುದು ಕ-ಮ-ಲ ಎಂದು. ಕ್-ಅ-ಮ್-ಅ-ಲ್-ಅ ಎಂದಲ್ಲ. ನಮ್ಮ ಲಿಪಿಯೂ ಹಾಗೆಯೇ ಒಡೆಯುತ್ತದೆ. ಕನ್ನಡ ಓದುವ ಮಕ್ಕಳ ಬಗ್ಗೆ ಸೋನಾಲಿ ನಾಗ್ ಅವರ 2007ರ ಅಧ್ಯಯನದಲ್ಲಿಯೂ ಇದೇ ಇದೆ: ಅಕ್ಷರದ ಮಟ್ಟದ ಅರಿವು ಬೇಗ ಬರುತ್ತದೆ, ಅದರೊಳಗಿನ ಬಿಡಿ ಧ್ವನಿಯ ಅರಿವು ನಿಧಾನಕ್ಕೆ, ಪ್ರಾಥಮಿಕ ಶಾಲೆಯ ವರ್ಷಗಳಲ್ಲಿ ಬಲಿಯುತ್ತದೆ. ಇಡೀ ಅಕ್ಷರ ಸಮೂಹ ಕೈವಶವಾಗಲು ನಾಲ್ಕನೇ ತರಗತಿಯವರೆಗೂ ಬೇಕಾಗುತ್ತದೆ. ಹಾಗಾಗಿ "ಕ" ಎಂದೇ ಹೇಳಿ. ಮಾಂಟೆಸ್ಸರಿ ಇಟಾಲಿಯನ್‌ಗೆ ಮಾಡಿದ್ದನ್ನು ಇಲ್ಲಿಗೆ ತಂದು ಅಂಟಿಸುವುದು ಬೇಡ.

ಓದುಗ_ಹಾಸನ
ಹಾಗಾದರೆ ಕಿ, ಕೀ, ಕು ಎಲ್ಲಾ ಬೇರೆ ಬೇರೆ ಅಕ್ಷರ ಅಂತ ಉರು ಹೊಡೆಯಬೇಕಾ? ಅದು ಹಳೇ ಕಾಗುಣಿತದ ಕಂಠಪಾಠವೇ ಆಯ್ತಲ್ಲ.

ಧ್ವನಿ_ಉಡುಪಿ
ಇಲ್ಲ. ಒಂದು ಅಕ್ಷರಕ್ಕೆ ಹದಿನೈದು ಚಿಹ್ನೆ ಹಚ್ಚುವುದು ಕಂಠಪಾಠ. ಒಂದು ಚಿಹ್ನೆಯನ್ನು ಹತ್ತು ಅಕ್ಷರಕ್ಕೆ ಹಚ್ಚುವುದು ಪಾಠ. ಇಳಿ ಒಂದನ್ನೇ ಹಿಡಿಯಿರಿ: ರ ರಾ, ಗ ಗಾ, ಮ ಮಾ, ದ ದಾ. ಅಷ್ಟರಲ್ಲೇ ದಾರ, ಮಾವ, ರಾಗ ಬರುತ್ತವೆ. ಗುಡಿಸು ಬರುವ ಹೊತ್ತಿಗೆ ಮಗುವೇ "ಇದೂ ಹಾಗೇ ಅಲ್ವಾ" ಎಂದು ಉಳಿದ ಅಕ್ಷರಕ್ಕೆ ಹಚ್ಚುತ್ತದೆ. ಕ್ ಎಂಬ ಧ್ವನಿಯ ಅರಿವು ಅಲ್ಲಿಂದಲೇ ಹುಟ್ಟಬೇಕು, ಮೊದಲೇ ಹೇರಬಾರದು.

ಇನ್ನೊಂದು: ಹ್ರಸ್ವ ದೀರ್ಘ ಕಿವಿಗೆ ಕೂತಿದೆಯೇ ಎಂದು ಮೊದಲು ನೋಡಿ. ಕಡು ಕಾಡು, ಬಿಡು ಬೀಡು, ಬಳೆ ಬಾಳೆ, ನಡಿ ನಾಡಿ. ಬರಹ ಇಲ್ಲದೆ ಬರೀ ಮಾತಿನ ಆಟ. ಇದು ಕೇಳಿಸದ ಮಗುವಿಗೆ ಇಳಿ ಬರೀ ಒಂದು ಕೊಕ್ಕೆ.

ಸಂವೇದನಾ_ಮೈಸೂರು
ಈಗ ಎರಡನೇ ಪ್ರಶ್ನೆ, ಪೆಟ್ಟಿಗೆ. 510 ಬೇಡವೇ ಬೇಡ. ಅಕ್ಷರದ ಒಡಲು ಬೇರೆ, ಚಿಹ್ನೆ ಬೇರೆ ಕತ್ತರಿಸಬೇಕು. ಎಲ್ಲರೂ ಮೊದಲು ಮಾಡೋದು ಪೂರ್ತಿ "ಕ" ಕತ್ತರಿಸಿ ಮೇಲೆ ಗುಡಿಸು ಇಡೋದು. ಆಗ ತಲಕಟ್ಟೂ ಇರುತ್ತೆ, ಗುಡಿಸೂ ಇರುತ್ತೆ, ಓದೋಕೇ ಆಗಲ್ಲ. ಪಾರದರ್ಶಕ ಹಾಳೆ ಮೇಲೆ ಚಿಹ್ನೆ ಬರೆದು ಹೊದಿಸಿದರೂ ಅದೇ ತೊಂದರೆ. ತಲಕಟ್ಟನ್ನೇ ಒಂದು ತುಂಡಾಗಿ ಬಿಡಿಸಿಡಿ. ಅದು ಅ-ಕಾರದ ಗುರುತು, ಉಳಿದ ಚಿಹ್ನೆಗಳ ಜೊತೆಗೇ ಅದರ ಜಾಗ.

ಹಾಗೆ ಬಿಡಿಸಿದರೆ ಬೇಕಾಗೋದು ಇಷ್ಟೇ ಬಗೆ: ತಲಕಟ್ಟು, ಇಳಿ, ಗುಡಿಸು, ಕೊಂಬು, ಕೊಂಬಿನ ಇಳಿ, ವಟ್ರಸುಳಿ, ಎತ್ವ, ದೀರ್ಘ, ಐತ್ವಕ್ಕೆ ಕೆಳಗೆ ಬರೋ ತುಂಡು, ಔತ್ವ, ಸೊನ್ನೆ, ವಿಸರ್ಗ. ಹನ್ನೆರಡು. ದೀರ್ಘ ಒಂದೇ ತುಂಡು ಕೀ, ಕೇ, ಕೋ ಮೂರಕ್ಕೂ ಆಗುತ್ತೆ. ಕೊ ಅಂದರೆ ಎತ್ವ ಜೊತೆ ಕೊಂಬಿನ ಇಳಿ. ಕೋ ಅಂದರೆ ಅದರ ಮುಂದೆ ದೀರ್ಘ. ಮಗು ಇದನ್ನು ಕೈಯಲ್ಲಿ ಜೋಡಿಸುವಾಗಲೇ ಲಿಪಿಯ ಒಳಕಟ್ಟು ಅರ್ಥ ಆಗುತ್ತೆ.

ಗಮನಿಸಿ: ಇಳಿ, ಗುಡಿಸು, ಎತ್ವ, ಔತ್ವ ಬಂದರೆ ತಲಕಟ್ಟು ಎತ್ತಬೇಕು. ಕೊಂಬು, ವಟ್ರಸುಳಿ ಬಂದರೆ ತಲಕಟ್ಟು ಇರಬೇಕು.

ಚನ್ನಪಟ್ಟಣ_ಬಡಗಿ
ಮೇಡಂ ಹೇಳಿದ್ದು ಕೇಳೋಕೆ ಚೆನ್ನಾಗದೆ, ಆದ್ರೆ ಎಲ್ಲಾ ಅಕ್ಷರಕ್ಕೂ ಆಗಕಿಲ್ಲ. ಖ ಜ ಟ ಣ ಬ ಲ ಇವಕ್ಕೆ ತಲಕಟ್ಟೇ ಇಲ್ಲ. ಲಿ, ಬಿ, ಜಿ ಬರೀವಾಗ ಅಕ್ಷರದ ಬಾಯೇ ತಿರುಗ್ತದೆ. ಮೇಲೆ ಒಂದು ತುಂಡು ಇಟ್ರೆ ಕೂರಕಿಲ್ಲ. ಇವುಗಳ ಗುಡಿಸಿನ ರೂಪ ಇಡಿಯಾಗೇ ಕುಯ್ಯಬೇಕು. ಮೊ, ಯೊ ಕೂಡ ಇಡಿಯಾಗೇ ಮಾಡಿ. ಪು, ವುಗೆ ಕೊಂಬು ಬೇರೆಯೋವಕ್ಕಿಂತ ಕೆಳಗೆ ಹಿಡ್ಕೊತದೆ, ಅದನ್ನ ಮಟ್ಟವಾಗಿ ಇಟ್ರೆ ವು ಹೋಗಿ ಮ ತರ ಕಾಣ್ತದೆ.

ಸಂವೇದನಾ_ಮೈಸೂರು
ಸರಿಯಾಗಿ ಹೇಳಿದ್ರಿ ಅಣ್ಣ. ಇಡಿಯಾಗಿ ಕತ್ತರಿಸಿದವೂ ಅದೇ ಪೆಟ್ಟಿಗೆಯಲ್ಲಿ, ಮೂಲ ಅಕ್ಷರದ ಗೂಡಿನಲ್ಲೇ ಇರಲಿ. ಬೇರೆ ಗೂಡು ಮಾಡಿದರೆ ಮಗು ಅದನ್ನು ಹೊಸ ಅಕ್ಷರ ಅಂದುಕೊಳ್ಳುತ್ತೆ.

ದಾವಣಗೆರೆ_ಟೀಚರ್
ಇದು ತುಂಬಾ ಉಪಯೋಗ ಆಯ್ತು. ಬಣ್ಣ? ಎಷ್ಟೆಷ್ಟು ತುಂಡು?

ಸಂವೇದನಾ_ಮೈಸೂರು
ವ್ಯಂಜನ ನಸುಗೆಂಪು, ಸ್ವರ ನೀಲಿ. ಗುಣಿತ ಚಿಹ್ನೆಗಳೂ ನೀಲಿಯೇ, ಯಾಕಂದರೆ ಅವೂ ಸ್ವರವೇ. ತಲಕಟ್ಟೂ ನೀಲಿ. ಇದನ್ನು ಬಿಟ್ಟು ಚೆಂದಕ್ಕೆ ಅಂತ ಹಸಿರು ಹಳದಿ ಹಾಕಬೇಡಿ.

ತುಂಡು: ರ ಲ ಳ ನ ದ ಗ ಕ ತ ಮ ವ ಹ ಹತ್ತತ್ತು. ಬೇರೆ ಅಲ್ಪಪ್ರಾಣಗಳು ಮತ್ತು ಯ, ಸ ಆರಾರು. ಮಹಾಪ್ರಾಣ ಎರಡೆರಡು ಸಾಕು. ತಲಕಟ್ಟು 20, ಕೊಂಬು, ಗುಡಿಸು, ಎತ್ವ, ಇಳಿ ಹದಿನೈದು ಹದಿನೈದು. ಕನ್ನಡದ ಪದ ಮುಗಿಯೋದೇ ಉ, ಇ, ಎಗಳಲ್ಲಿ: ಹಾಲು, ನಾಯಿ, ಮನೆ. ಕೊಂಬು ಸಾಲದೆ ಬಂತು ಅಂದರೆ ಮಗುವಿನ ಕೆಲಸ ಅಲ್ಲಿಗೇ ನಿಲ್ಲುತ್ತೆ.

ಪುಟ್ಟನ_ಅಮ್ಮ
ಇಷ್ಟೆಲ್ಲಾ ಮರದಲ್ಲೇ ಮಾಡಿಸಬೇಕಾ? ಮನೇಲಿ ಮಾಡೋರಿಗೆ ಏನು ದಾರಿ?

ಚನ್ನಪಟ್ಟಣ_ಬಡಗಿ
ಬಿಡಿ ಅಕ್ಷರಕ್ಕೆ ಮರ ಬೇಕಿಲ್ಲಮ್ಮ. ಹಳೇ ಲಗ್ನಪತ್ರಿಕೆ ರಟ್ಟು ಸಾಕು, ಎರಡು ಪದರ ಅಂಟಿಸಿ ಕತ್ತರಿಸಿ. ಅಕ್ಷರ ನಾಲ್ಕು ಸೆಂಟಿಮೀಟರ್ ಎತ್ತರ ಇರ್ಲಿ. ಒತ್ತು ಅದರ ಅರ್ಧ.

ಉಪ್ಪು ಕಾಗದದ ಅಕ್ಷರಕ್ಕೆ ಮಾತ್ರ 3 ಮಿಲಿಮೀಟರ್ ಎಂಡಿಎಫ್ (ಮರದ ಪುಡಿ ಒತ್ತಿ ಮಾಡಿದ ಹಲಗೆ) ತಗೊಳ್ಳಿ. ಕಾಗದ 120ರಿಂದ 150 ನಂಬರ್. 60, 80 ತಂದ್ರೆ ಎಳೇ ಬೆರಳು ಉರೀತದೆ, ಮಗು ಎರಡನೇ ಸಲ ಮುಟ್ಟಕಿಲ್ಲ. 220 ದಾಟಿದ್ರೆ ಬಣ್ಣ ಹೊಡೆದ ಹಲಗೆಗೂ ಅದಕ್ಕೂ ವ್ಯತ್ಯಾಸವೇ ಗೊತ್ತಾಗಕಿಲ್ಲ. ಅಕ್ಷರವ ಕಾಗದದ ಬೆನ್ನ ಮೇಲೆ ಉಲ್ಟಾ ಬರ್ಕೊಂಡು ಚಾಕುವಲ್ಲಿ ಕುಯ್ಯಿರಿ. ಕತ್ತರಿಯ ಬಾಯಿ ಬೇಗ ಮೊಂಡಾಗ್ತದೆ. ಗೆರೆ ದಪ್ಪ ಒಂದು ಸೆಂಟಿಮೀಟರ್ ಹತ್ರ ಇರ್ಲಿ. ಹಲಗೆಗೆ ಎರಡೂ ಮಗ್ಗಲು ಬಣ್ಣ ಹೊಡೀಬೇಕು. ಒಂದೇ ಮಗ್ಗಲು ಹೊಡೆದ್ರೆ ಮಳೆಗಾಲದಲ್ಲಿ ಬಾಗ್ತದೆ. ಅಂಟು ತೆಳ್ಳಗೆ ಸವರಿ, ಮೇಲೆ ಭಾರ ಹೇರಿ ಒಂದು ರಾತ್ರಿ ಬಿಡಿ. ಅಂಚು ಎದ್ರೆ ಮಗು ಕಿತ್ತು ಕೂರ್ತದೆ.

ಧ್ವನಿ_ಉಡುಪಿ
ಅಕ್ಷರದ ಮಾದರಿಗೆ ಕಂಪ್ಯೂಟರಿನ ಫಾಂಟ್ ಹಿಗ್ಗಿಸಿ ತೆಗೆಯಬೇಡಿ. ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಎರಡು ಬೆರಳು ನಡುವೆ ಜಾರಿ ಹೊರಗೆ ಹೋಗುತ್ತವೆ. ಒಳ್ಳೆಯ ಕೈಬರಹದವರಿಂದ ಒಂದೇ ದಪ್ಪದಲ್ಲಿ ಬರೆಸಿ. ಕೈ ಎಲ್ಲಿ ಶುರು, ಎಲ್ಲಿ ಎತ್ತಬೇಕು ಎಂಬುದನ್ನು ಶಾಲೆಯ ಎಲ್ಲ ಹಿರಿಯರೂ ಒಂದೇ ರೀತಿ ತೋರಿಸಬೇಕು. ಒಬ್ಬರು ತಲಕಟ್ಟು ಮೊದಲು, ಇನ್ನೊಬ್ಬರು ಕೊನೆಗೆ ಹಾಕಿದರೆ ಮಗುವಿನ ಕೈಗೆ ಎರಡೂ ನಿಲ್ಲುವುದಿಲ್ಲ.

ಸಂವೇದನಾ_ಮೈಸೂರು
ಸವರೋ ಮೊದಲು ಕೈ ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಒರೆಸಿಸಿ, ಬೆರಳ ತುದಿ ಚುರುಕಾಗುತ್ತೆ. ಅದಕ್ಕೂ ಹಿಂದೆ ಒರಟು ನುಣುಪಿನ ಹಲಗೆ ಕೆಲಸ ಆಗಿರಬೇಕು. ಇಂದ್ರಿಯ ಸಾಮಗ್ರಿ ಹಾರಿಸಿ ನೇರ ಅಕ್ಷರಕ್ಕೆ ಬಂದರೆ ಮಗು ಗೀರಿದ ಹಾಗೆ ಒತ್ತಿ ಎಳೆಯುತ್ತೆ. ಹಗುರ ಸ್ಪರ್ಶ ಅನ್ನೋದು ಅಲ್ಲಿ ಕಲಿತು ಬರಬೇಕಾದ್ದು.

ಕುತೂಹಲಿ
ಕ್ಷಮಿಸಿ, ಆದರೆ ಇದೆಲ್ಲಾ ಫೀಸು ಕಟ್ಟೋಕಾಗೋರ ಮಕ್ಕಳಿಗೆ ಅಲ್ವಾ? ಮಾಂಟೆಸ್ಸರಿ ಅಂತ ಬೋರ್ಡ್ ಇರೋ ಕಡೆಯೆಲ್ಲಾ ಲಕ್ಷದ ಲೆಕ್ಕ.

ಹಾವೇರಿ_ಮಾಸ್ತರ
ಹುಟ್ಟಿದ್ದು ಹಂಗಲ್ರೀ. 1907ರ ಜನವರಿ 6ಕ್ಕ ರೋಮಿನ ಸ್ಯಾನ್ ಲೊರೆಂಜೊ ಅನ್ನೋ ಕೂಲಿಕಾರರ ಕೇರಿಯೊಳಗ ಮೊದಲ ಮಕ್ಕಳ ಮನೆ ಶುರು ಆತು. ಅಪ್ಪ ಅವ್ವ ಕೆಲಸಕ್ಕ ಹೋದಾಗ ಮನಿಯಾಗ ಉಳಿಯೋ ಮಕ್ಕಳು ಅವರು. ಅದನ್ನ ಕಟ್ಟಿದ ಮರಿಯಾ ಮಾಂಟೆಸ್ಸರಿ 1939ರಾಗ ಮದ್ರಾಸಿನ ಅಡಯಾರಕ್ಕ ಬಂದು, ಇಟಲಿ ಯುದ್ಧಕ್ಕ ಇಳಿದ ಮ್ಯಾಲೆ ಇಲ್ಲೇ ಉಳಿಯೋ ಹಂಗಾತು. ಅಡಯಾರ, ಕೊಡೈಕನಾಲದಾಗ ಇದ್ದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಹೆಸರಿಗೆ ಯಾರ ಹಕ್ಕೂ ಇಲ್ಲ, ಯಾರು ಬೇಕಾದರೂ ಬೋರ್ಡ್ ಹಾಕ್ತಾರ. ಬೋರ್ಡ್ ನೋಡಬ್ಯಾಡ್ರಿ. ಮೂರು ವಯಸ್ಸಿನ ಮಕ್ಕಳು ಒಂದೇ ಕೋಣ್ಯಾಗ ಅದಾರೇನು? ನಡುವ ಗಂಟಿ ಹೊಡೀದಂಗ ಮೂರು ತಾಸು ಕೆಲಸದ ಹೊತ್ತು ಐತೇನು? ಮಗು ತಾನೇ ಸಾಮಾನು ತಗೊಂಡು ತಾನೇ ವಾಪಸ್ ಇಡ್ತೈತೇನು? ಇವನ್ನ ನೋಡ್ರಿ.

ನಮ್ಮ ಸರ್ಕಾರಿ ಸಾಲಿ ನಲಿಕಲಿ ಪದ್ಧತಿನೂ ಇದಕ್ಕ ದೂರ ಇಲ್ಲ. 1995ಕ್ಕ ಎಚ್.ಡಿ. ಕೋಟೆಯಾಗ ಶುರು ಆದದ್ದು. ಒಂದರಿಂದ ಮೂರನೇ ಇಯತ್ತೆ ಮಕ್ಕಳು ಒಟ್ಟಿಗೆ, ಪಾಠಗಳನ್ನ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕಲಿಕಾ ಏಣಿ, ಒಬ್ಬೊಬ್ಬರದು ಒಂದೊಂದು ವೇಗ.

ಸಂವೇದನಾ_ಮೈಸೂರು
ಹತ್ತಿರ ಇದೆ ಮಾಸ್ತರ್, ಒಂದೇ ಅಲ್ಲ. ಏಣಿಯ ಮೆಟ್ಟಿಲು ಮೊದಲೇ ಗೊತ್ತುಮಾಡಿದ್ದು. ಮಾಂಟೆಸ್ಸರಿಯಲ್ಲಿ ಮಗು ಒಂದು ವಾರ ಬರೀ ಸಿಲಿಂಡರ್ ಹಲಗೆ (ತಕ್ಕ ಗುಳಿಗೆ ತಕ್ಕ ಗಾತ್ರದ ಸಿಲಿಂಡರ್ ಕೂರಿಸೋದು) ಮುಂದೆಯೇ ಕೂತರೂ ಬಿಡಬೇಕು.

ಹಾವೇರಿ_ಮಾಸ್ತರ
ಒಬ್ಬ ಮಾಸ್ತರ, ಮೂವತ್ತು ಮಕ್ಕಳು, ಮೂರು ಇಯತ್ತೆ ಇದ್ದಲ್ಲಿ ಏಣಿ ಬೇಕಾಗ್ತೈತಿ ಮೇಡಂ.

ದಾವಣಗೆರೆ_ಟೀಚರ್
ಇಬ್ಬರೂ ಬೇರೆ ಚರ್ಚೆಯಲ್ಲಿ ಇದನ್ನು ಮುಂದುವರಿಸಿ ದಯವಿಟ್ಟು, ನಾನೂ ಬರ್ತೀನಿ. ಒತ್ತಕ್ಷರ ಉಳಿದಿದೆ. ಸಾಮಾನ್ಯವಾಗಿ ಎಲ್ಲಾ ಗುಣಿತ ಮುಗಿದ ಮೇಲೆ ತಾನೇ?

ಧ್ವನಿ_ಉಡುಪಿ
ಅಲ್ಲ! ಇದರಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ, ಬೆಕ್ಕು, ಹಲ್ಲು, ಕಣ್ಣು, ಅನ್ನ, ಬೆಲ್ಲ. ಮಗು ಬರೆಯಲು ಬಯಸುವ ಮೊದಲ ಪದಗಳು ಇವೇ, ಎಲ್ಲದರಲ್ಲೂ ಒತ್ತು. ಇವನ್ನು ಎರಡು ವರ್ಷ ಮುಂದೂಡಿ ಗರಗಸ, ನಗರ ಎಂದು ಕೂರಿಸಿದರೆ ಬರವಣಿಗೆ ಮಗುವಿನ ಬದುಕಿಗೆ ತಾಗುವುದೇ ಇಲ್ಲ. ಇಳಿ, ಕೊಂಬು, ಗುಡಿಸು, ಎತ್ವ ಈ ನಾಲ್ಕು ಬಂದ ಕೂಡಲೇ ಸಜಾತೀಯ ಒತ್ತು ಕೊಡಿ. ಔ, ಋ, ಮಹಾಪ್ರಾಣ ಕಾಯಲಿ.

ಒತ್ತಿನಲ್ಲೂ ಕ್ರಮ ಉಂಟು. ಮೊದಲು ಅಕ್ಷರವೇ ಚಿಕ್ಕದಾಗಿ, ತಲಕಟ್ಟಿಲ್ಲದೆ ಕೆಳಗೆ ಬರುವಂಥವು: ಕ್ಕ, ಪ್ಪ, ಜ್ಜ, ಟ್ಟ, ಣ್ಣ, ಳ್ಳ. ಮಗು ನೋಡಿದ ಕೂಡಲೇ ಗುರುತಿಸುತ್ತದೆ. ಆಮೇಲೆ ರೂಪ ಬದಲಿಸುವ ಆರು: ತ, ನ, ಮ, ಯ, ರ, ಲ. ಈ ಆರಕ್ಕೆ ಮಾತ್ರ ಪ್ರತ್ಯೇಕ ಸ್ಯಾಂಡ್‌ಪೇಪರ್ ಹಲಗೆ ಮಾಡಿ. ಬೇರೆಯವಕ್ಕೆ ಬೇಡ.

ಓದುಗ_ಹಾಸನ
ಅಮ್ಮ ಅನ್ನೋದೇ ರೂಪ ಬದಲಿಸೋ ಗುಂಪಲ್ಲಿ ಬಂತಲ್ಲ. ಅದನ್ನ ಕಾಯಿಸೋಕಾಗುತ್ತಾ?

ಧ್ವನಿ_ಉಡುಪಿ
ಮಗು ಕೇಳಿದರೆ ಅಂದೇ ಕೊಡಿ. ಕೇಳಿದ್ದನ್ನು ಕ್ರಮದ ಹೆಸರಿನಲ್ಲಿ ತಡೆಯಬಾರದು.

ವಿಜಾತೀಯ ಒತ್ತಿನಲ್ಲಿ ಒಂದು ನಿಜವಾದ ತೊಡಕು ಇದೆ. "ರಸ್ತೆ" ಎನ್ನುವಾಗ ಎ-ಕಾರ ಕೇಳಿಸುವುದು ತ ಆದ ಮೇಲೆ. ಬರೆಯುವಾಗ ಎತ್ವ ಕೂರುವುದು ಸ ಮೇಲೆ, ತ ಒತ್ತಾಗಿ ಕೆಳಗೆ. ಮಗು ಬಿಡಿ ಅಕ್ಷರದಲ್ಲಿ ರ, ಸ, ತೆ ಎಂದು ಸಾಲಾಗಿ ಇಡುತ್ತದೆ. ಕಿವಿಗೆ ಅದು ಸರಿಯೇ. ಆ ಹಂತದಲ್ಲಿ ತಿದ್ದಬೇಡಿ. ಬಿಡಿ ಅಕ್ಷರದ ಕೆಲಸ ಕೇಳಿದ್ದನ್ನು ಒಡೆದು ಜೋಡಿಸುವುದು, ಕಾಗುಣಿತ ಪರೀಕ್ಷೆ ಅಲ್ಲ. ಓದು ಶುರುವಾದ ಮೇಲೆ ಪದದ ಚೀಟಿ ಕೊಟ್ಟು ಹೋಲಿಸಲು ಬಿಡಿ.

ಅರ್ಕಾವತ್ತು ಎಲ್ಲಕ್ಕಿಂತ ಕೊನೆಗೆ. ಸೂರ್ಯ ಎನ್ನುವಾಗ ರ್ ಮೊದಲು ಕೇಳಿಸುತ್ತದೆ, ಬರೆಯುವಾಗ ಯ ಆದ ಮೇಲೆ ಬರುತ್ತದೆ. ಮಗು ರ ಬರೆದು ಕೆಳಗೆ ಯ ಒತ್ತು ಇಟ್ಟರೆ ಅದೂ ತಪ್ಪಲ್ಲ, ಆ ರೂಪವೂ ಕನ್ನಡದಲ್ಲಿ ಇದೆ.

ಬರ್ಲಿನ್_ಕನ್ನಡಿಗ
ಹೊರದೇಶದ ವಾರಾಂತ್ಯದ ಕನ್ನಡ ತರಗತಿಗೂ ಇದೇ ಕ್ರಮ ಆಗುತ್ತಾ? ಇಲ್ಲಿನ ಮಕ್ಕಳಿಗೆ ಲ ಳ, ನ ಣ, ತ ಟ ಎಲ್ಲಾ ಒಂದೇ ತರ ಕೇಳಿಸುತ್ತೆ.

ಧ್ವನಿ_ಉಡುಪಿ
ಅಕ್ಷರ ಮುಟ್ಟುವ ಮೊದಲು ವಸ್ತು ಇಟ್ಟು ಕಿವಿಯ ಆಟ ಆಡಿಸಿ. ಒಂದು ಚಾಪೆಯಲ್ಲಿ ಲ ಇರುವವು: ಎಲೆ, ಹಾಲು, ಬಿಲ್ಲು. ಇನ್ನೊಂದರಲ್ಲಿ ಳ: ಬಳೆ, ಬಾಳೆ, ಬೆಳ್ಳುಳ್ಳಿ. ನಾಲಿಗೆ ಹಿಂದಕ್ಕೆ ಮಡಚುವುದನ್ನು ಕನ್ನಡಿಯಲ್ಲಿ ತೋರಿಸಿ. ಲ, ಳ ಒಂದೇ ಪಾಠದಲ್ಲಿ ಕೊಡಬೇಡಿ, ನಡುವೆ ಕೆಲವು ವಾರ ಬಿಡಿ. ಇಲ್ಲಿಯ ಮಕ್ಕಳಿಗೂ ಬ ಭ, ಶ ಷ ಹೀಗೇ. ಮನೆಯಲ್ಲಿ ಬಾರತ ಎಂದೇ ಕೇಳಿದ ಮಗುವಿಗೆ ಭ ಎಂಬುದು ಕಣ್ಣಿನಿಂದ ಕಲಿಯುವ ಅಕ್ಷರ, ಕಿವಿಯಿಂದ ಅಲ್ಲ. ಅದಕ್ಕೇ ಮಹಾಪ್ರಾಣ ತಡವಾಗಿ, ಓದಿನ ಜೊತೆಗೆ.

ಪುಟ್ಟನ_ಅಮ್ಮ
ಬೆರಳಲ್ಲಿ ಅಕ್ಷರ ಬರೆಯೋ ಮರಳಿನ ತಟ್ಟೆಗೆ ಮರಳಿನ ಬದಲು ಅಕ್ಕಿ ಆಗುತ್ತಾ? ವಿಜಯದಶಮಿಗೆ ಅಕ್ಷರಾಭ್ಯಾಸ ಮಾಡಿಸ್ತೀವಲ್ಲ ಹಾಗೆ.

ಚನ್ನಪಟ್ಟಣ_ಬಡಗಿ
ಶಾಸ್ತ್ರಕ್ಕೆ ಅಕ್ಕಿ ಸರಿ. ದಿನಾ ಅಭ್ಯಾಸಕ್ಕೆ ಗೆರೆ ನಿಲ್ಲಕಿಲ್ಲ, ಕಾಳು ಉರುಳಿ ಮುಚ್ಕೊತದೆ. ರವೆ ಆಗ್ತದೆ, ಆದ್ರೆ ಇರುವೆ, ಹುಳ ಬರ್ತವೆ. ಸಣ್ಣ ಮರಳು ಜರಡಿ ಹಿಡಿದು, ತೊಳೆದು ಒಣಗಿಸಿ. ತಟ್ಟೆ ತಳಕ್ಕೆ ಕಪ್ಪು ಬಣ್ಣ ಹೊಡೀರಿ, ಮರಳು ಅರ್ಧ ಸೆಂಟಿಮೀಟರ್ ದಾಟದೇ ಇರ್ಲಿ. ಜಾಸ್ತಿ ತುಂಬಿದ್ರೆ ತಳ ಕಾಣಕಿಲ್ಲ, ಅಕ್ಷರವೂ ಕಾಣಕಿಲ್ಲ.

ಓದುಗ_ಹಾಸನ
ವಿಷಯ ಬಿಟ್ಟು ಒಂದು ಮಾತು: ಅಂಕಿಗೆ ಕನ್ನಡ ಎಷ್ಟು ಅನುಕೂಲ ನೋಡಿ. ಇಪ್ಪತ್ತೊಂದು, ಮೂವತ್ತೊಂದು ಅಂತ ಹತ್ತು ಮೊದಲು, ಬಿಡಿ ಆಮೇಲೆ. ಎಣಿಕೆ ಕಲಿಸೋ ಚಿನ್ನದ ಬಣ್ಣದ ಮಣಿಗಳನ್ನ ಇಟ್ಟ ಕ್ರಮದಲ್ಲೇ ಹೆಸರು. ಹಿಂದಿಯಲ್ಲಿ ನೂರರವರೆಗೆ ಒಂದೊಂದನ್ನೂ ಬೇರೆಯಾಗೇ ಕಲಿಯಬೇಕು.

ಸಂವೇದನಾ_ಮೈಸೂರು
ಹನ್ನೊಂದರಿಂದ ಹತ್ತೊಂಬತ್ತು ಮಾತ್ರ ಕಷ್ಟ. ಹನ್ನೊಂದು, ಹನ್ನೆರಡು ಒಂದು ಬಗೆ, ಹದಿಮೂರರಿಂದ ಹದಿನೆಂಟು ಇನ್ನೊಂದು, ಹತ್ತೊಂಬತ್ತು ಮತ್ತೊಂದು. ಸೆಗ್ವಾನ್ ಹಲಗೆಯಲ್ಲಿ (ಹತ್ತರ ಮೇಲೆ ಬಿಡಿ ಅಂಕಿ ಜಾರಿಸಿ ಆ ಸಂಖ್ಯೆ ಮಾಡೋ ಹಲಗೆ) ಅವಕ್ಕೆ ಹೆಚ್ಚು ದಿನ ಕೊಡಿ. ಒಂಬತ್ತು, ತೊಂಬತ್ತು ಕಿವಿಗೆ ಹತ್ತಿರ. ಅವೆರಡನ್ನೂ ಮಣಿ ಎದುರಿಗಿಟ್ಟೇ ಹೇಳಿಸಿ.

ದಾವಣಗೆರೆ_ಟೀಚರ್
ಎಲ್ಲರಿಗೂ ವಂದನೆ. ಕೊನೇ ಅನುಮಾನ: ಬಿಡಿ ಅಕ್ಷರ ಚಾಪೆ ಮೇಲೆ ಜೋಡಿಸುವಾಗ ಒತ್ತು ಕೆಳಗಿನ ಸಾಲಿಗೆ ನುಗ್ಗುತ್ತೆ. ಗೆರೆ ಹೇಗೆ ಹಾಕಿಸಲಿ?

ಸಂವೇದನಾ_ಮೈಸೂರು
ನಾಲ್ಕು ಸೆಂಟಿಮೀಟರ್ ಅಕ್ಷರಕ್ಕೆ ಸಾಲಿನಿಂದ ಸಾಲಿಗೆ ಒಂಬತ್ತು ಸೆಂಟಿಮೀಟರ್ ಬಿಡಿ. ಅಕ್ಷರ ಕೂರೋ ಗೆರೆ ಒಂದೇ ಹೊಲಿಸಿ, ಒತ್ತಿಗೆ ಗೆರೆ ಬೇಡ. ಎರಡು ಗೆರೆ ಇದ್ದರೆ ಮಕ್ಕಳು ಕೆಳಗಿನದರ ಮೇಲೂ ಪೂರ್ತಿ ಅಕ್ಷರ ಇಡ್ತಾರೆ.

ಚನ್ನಪಟ್ಟಣ_ಬಡಗಿ
ಚಾಪೆ ಬಟ್ಟೆ ದಪ್ಪದ್ದು ತಗೊಳ್ಳಿ ಟೀಚರಮ್ಮ. ತೆಳು ಬಟ್ಟೆ ಸುಕ್ಕು ಬಿದ್ರೆ ಒತ್ತಿನ ತುಂಡು ನಿಲ್ಲಕಿಲ್ಲ.